ಟ್ರಿಪ್ ಆಗುವ ಕುಕ್ಕರ್, ಕತ್ತರಿಸಿದ ಅರ್ಥ್ ವೈರ್

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಈ ಸಲ ನಾವು ಕುಕ್ಕರ್ ಅನ್ನುತ್ತಿರುವುದು ಊರಿನಲ್ಲಿ ಮೂರು ಕೂಗು ಕೂಗಿಸಿ ಇಳಿಸುವ ಪ್ರೆಷರ್ ಕುಕ್ಕರ್ ಅಲ್ಲ. ಇಲ್ಲಿ ಗಲ್ಫಿನಲ್ಲಿ ಗ್ಯಾಸ್ ಸಿಲಿಂಡರ್ ಒಳಗೆ ಬಿಡದ ಕಟ್ಟಡಗಳಿವೆಯಲ್ಲ, ಅಲ್ಲಿ ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ, ಮೇಲೆ ನಾಲ್ಕು ಕಪ್ಪು ಪ್ಲೇಟು, ಕೆಳಗೆ ಓವನ್ ಇರುವ ಕರೆಂಟ್ ಒಲೆ. ಕೆಲವರು ಕುಕಿಂಗ್ ರೇಂಜ್ ಅಂತಾರೆ, ಅಂಗಡಿಯವನು ಕುಕ್ಕರ್ ಅಂತಾನೆ. ನಾವೂ ಕುಕ್ಕರ್ ಅಂತಲೇ ಕರೆಯೋಣ.

ಎರಡು ಮೂರು ತಿಂಗಳಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇದರ ದೂರೇ ಜಾಸ್ತಿ. "ಅಣ್ಣಾ, ಓವನ್ ಹಾಕಿದ ಕೂಡ್ಲೆ ಇಡೀ ರೂಮಿನ ಕರೆಂಟ್ ಹೋಗ್ತಾ ಉಂಟು." "ಸರ್, ಒಂದು ಪ್ಲೇಟು ಕಾಯಂಗಿಲ್ರಿ, ಇನ್ನೊಂದು ಬಂದ್ ಮಾಡಿದ್ರೂ ಬಂದ್ ಆಗಂಗಿಲ್ಲ." "ಕುಕ್ಕರ್ ಮುಟ್ಟಿದ್ರೆ ಜುಮ್ ಅನ್ಸುತ್ತೆ, ರಬ್ಬರ್ ಚಪ್ಪಲಿ ಹಾಕ್ಕೊಂಡು ಅಡುಗೆ ಮಾಡ್ತಿದ್ದೀವಿ, ಪರವಾಗಿಲ್ವಾ?" ಈ ಕೊನೆಯದನ್ನು ಓದಿದವರೇ ನಾವು ಅದೇ ರಾತ್ರಿ ಫೋನ್ ಮಾಡಿ, ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಮಾತಾಡೋಣ ಅಂದೆವು. ಬಾಕಿಯವರಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇವೆ.

ಕುಕ್ಕರಿನ ರೋಗ ಹುಡುಕಲು ಕುಕ್ಕರ್ ಹತ್ತಿರ ಹೋಗುವುದಕ್ಕಿಂತ ಮೊದಲು ಕರೆಂಟ್ ಬಾಕ್ಸ್ ಹತ್ತಿರ ಹೋಗಬೇಕು. ಬಾಗಿಲ ಹಿಂದೆಯೋ ಪ್ಯಾಸೇಜಿನಲ್ಲೋ ಇರುವ ಡಿ.ಬಿ. ಅದರಲ್ಲಿ ಸಾಲಾಗಿ ಸಣ್ಣ ಬ್ರೇಕರುಗಳಿರುತ್ತವೆ, ಒಂದೊಂದು ಲೈನಿಗೆ ಒಂದೊಂದು. ಅವುಗಳ ಜೊತೆ ಸ್ವಲ್ಪ ದಪ್ಪದ್ದೊಂದು ಇರುತ್ತದೆ, ಅದರ ಮೇಲೆ ಪುಟ್ಟ ಟೆಸ್ಟ್ ಬಟನ್. ಅದೇ ಇ.ಎಲ್.ಸಿ.ಬಿ. ಹೊಸದರ ಮೇಲೆ ಆರ್.ಸಿ.ಸಿ.ಬಿ. ಅಂತ ಬರೆದಿರುತ್ತದೆ, ಬಾಯಲ್ಲಿ ಮಾತ್ರ ಎಲ್ಲರೂ ಇ.ಎಲ್.ಸಿ.ಬಿ. ಅನ್ನುವುದೇ. "ಟ್ರಿಪ್ ಆಯ್ತು" ಅಂತ ಫೋನ್ ಮಾಡಿದವರನ್ನು ನಾವು ಮೊದಲು ಕೇಳುವುದು ಒಂದೇ: ಬಿದ್ದದ್ದು ಯಾವುದು? ಸಣ್ಣದೋ ದಪ್ಪದೋ? ಹತ್ತರಲ್ಲಿ ಎಂಟು ಮಂದಿ ನೋಡಿರುವುದಿಲ್ಲ. ಎತ್ತಿ ಹಾಕಿರುತ್ತಾರೆ, ಮರೆತಿರುತ್ತಾರೆ.

ಸಣ್ಣ ಬ್ರೇಕರ್ ಬಿದ್ದರೆ ಕರೆಂಟು ಹೆಚ್ಚು ಹರಿದಿದೆ ಅಂತ. ಸ್ವಿಚ್ ಹಾಕಿದ ಕ್ಷಣಕ್ಕೇ ಟಪ್ ಅಂತ ಬಿದ್ದರೆ ಎಲ್ಲೋ ಶಾರ್ಟ್ ಇದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಡುಗೆ ಆದ ಮೇಲೆ ಬಿದ್ದರೆ ಓವರ್‌ಲೋಡ್ ಇರಬಹುದು. ಲೆಕ್ಕ ಕಷ್ಟದ್ದೇನಲ್ಲ. ನಾಲ್ಕು ಪ್ಲೇಟು ಸೇರಿ ಸುಮಾರು 6000 ವ್ಯಾಟ್, ಓವನ್ 2500 ಅಂತ ಇಟ್ಟುಕೊಳ್ಳಿ. 8500ನ್ನು 230 ವೋಲ್ಟಿನಿಂದ ಭಾಗಿಸಿದರೆ 37 ಆಂಪಿಯರ್. ಕುಕ್ಕರ್ ಲೈನಿನ ಬ್ರೇಕರ್ ಸಾಮಾನ್ಯವಾಗಿ 32ರದ್ದು. ರಜೆಯ ದಿನ ಎಂಟು ಜನಕ್ಕೆ ಬಿರಿಯಾನಿ, ಪಕ್ಕದ ಪ್ಲೇಟಿನಲ್ಲಿ ಸಾರು, ಮತ್ತೊಂದರಲ್ಲಿ ಕುಚ್ಚಲಕ್ಕಿ, ಕೆಳಗೆ ಓವನಿನಲ್ಲಿ ಕೋಳಿ. ಸಾಲದ್ದಕ್ಕೆ ಕುಕ್ಕರ್ ಸ್ವಿಚ್ಚಿನ ಪಕ್ಕದಲ್ಲೇ ಇರುವ ಸಾಕೆಟ್ಟಿಗೆ ರೈಸ್ ಕುಕ್ಕರ್. 40 ದಾಟಿತು. ಬ್ರೇಕರಿನ ಒಳಗಿನ ಪಟ್ಟಿ ನಿಧಾನಕ್ಕೆ ಬಿಸಿಯಾಗಿ ಬಾಗಿ ಲೈನ್ ಬಿಡಿಸುತ್ತದೆ. ಇದು ಕಾಯಿಲೆ ಅಲ್ಲ. ಕೋಳಿ ಇಳಿಸಿದ ಮೇಲೆ ಅಕ್ಕಿ ಇಡಿ, ಮುಗಿಯಿತು. 32ರದ್ದು ತೆಗೆದು 63ರದ್ದು ಹಾಕಿಸಿಕೊಂಡವರೂ ಇದ್ದಾರೆ. ವೈರು ಮಾತ್ರ ಹಳೆಯದೇ! ಈಗ ಬಿಸಿಯಾಗುವುದು ಬ್ರೇಕರಿನ ಪಟ್ಟಿ ಅಲ್ಲ, ಗೋಡೆಯ ಒಳಗಿನ ವೈರು. ಅದು ಕಣ್ಣಿಗೆ ಕಾಣುವುದಿಲ್ಲ.

ದಪ್ಪದ್ದು ಬಿದ್ದರೆ ಕಥೆ ಬೇರೆ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತೋ ಇಲ್ಲವೋ ಅಂತ ಇ.ಎಲ್.ಸಿ.ಬಿ. ಲೆಕ್ಕ ಇಡುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಕಟ್. ಕಡಿಮೆಯಾದ ಆ ಕರೆಂಟು ಎಲ್ಲಿಗೆ ಹೋಯಿತು? ಕುಕ್ಕರಿನ ಬಾಡಿಗೆ ಇಳಿದು, ಅರ್ಥ್ ವೈರಿನ ಮೂಲಕ ನೆಲಕ್ಕೆ ಹೋಯಿತು. ಅರ್ಥ್ ವೈರ್ ಇಲ್ಲದಿದ್ದರೆ, ಬಾಡಿಯಲ್ಲೇ ಕಾದು ಕೂತಿರುತ್ತದೆ, ಯಾರಾದರೂ ಕೈ ಇಡಲಿ ಅಂತ.

ಇಲ್ಲಿ ನಾವು ಕಣ್ಣಾರೆ ನೋಡಿದ ಒಂದು ರೂಮಿನ ವಿಷಯ ಹೇಳಬೇಕು. ಏಳು ಜನ, ಇಬ್ಬರು ಬೆಳ್ತಂಗಡಿ ಕಡೆಯವರು, ಮೂವರು ಹಾವೇರಿ ಕಡೆಯವರು, ಇಬ್ಬರು ಕೇರಳದವರು. ದಿನಾ ಸಂಜೆ ಕುಕ್ಕರ್ ಹಾಕಿದರೆ ಇ.ಎಲ್.ಸಿ.ಬಿ. ಬೀಳುತ್ತಿತ್ತು. ವಾಚ್‌ಮನ್‌ಗೆ ಹೇಳಿದರೆ ಎಷ್ಟು ಜನ ಇದ್ದೀರಿ ಅಂತ ಎಣಿಸಲು ಬರುತ್ತಾನೆ ಅನ್ನುವ ಹೆದರಿಕೆ. ಕೊನೆಗೆ "ನಂಗೆ ಕರೆಂಟ್ ಕೆಲಸ ಗೊತ್ತುಂಟು ಮಾರಾಯ್ರೇ" ಅಂದ ಒಬ್ಬರು ಹಿಂದಿನ ತಗಡು ಬಿಚ್ಚಿ, ಹಸಿರು-ಹಳದಿ ವೈರನ್ನು ಕತ್ತರಿಸಿ, ಟೇಪ್ ಸುತ್ತಿ ಬಿಟ್ಟರು. ಅವತ್ತಿನಿಂದ ಟ್ರಿಪ್ ನಿಂತೇ ಹೋಯಿತು. ರೂಮಿನವರೆಲ್ಲ ಅವರಿಗೆ ಚಹಾ ಕೊಡಿಸಿದರು. ಮೂರು ವಾರ ಕಳೆದು ಒಂದು ದಿನ, ಹಾವೇರಿಯ ಹುಡುಗ ಸ್ಟೀಲ್ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಾ ಇದ್ದವನು ಒದ್ದೆ ಕೈಯಲ್ಲಿ ಕುಕ್ಕರಿನ ಅಂಚು ಹಿಡಿದ. ಒಂದು ಕೈ ಸಿಂಕಿನ ಮೇಲೆ, ಇನ್ನೊಂದು ಕೈ ಕುಕ್ಕರಿನ ಮೇಲೆ. ಎತ್ತಿ ಒಗೆದ ಹಾಗೆ ಆಯಿತಂತೆ. ಅದೇ ಕ್ಷಣಕ್ಕೆ ಇ.ಎಲ್.ಸಿ.ಬಿ. ಬಿತ್ತು, ಹುಡುಗ ಬದುಕಿದ. ಮೂರು ವಾರ ಬೀಳದೇ ಇದ್ದದ್ದು ಅವತ್ತು ಬಿದ್ದದ್ದು ಯಾಕೆಂದರೆ ಅವತ್ತು ಅರ್ಥ್ ವೈರಿನ ಕೆಲಸವನ್ನು ಅವನ ಮೈ ಮಾಡಿತು.

ಇ.ಎಲ್.ಸಿ.ಬಿ. ಆದರೂ ಅಲ್ಲಿ ಸರಿ ಇತ್ತು. ಟ್ರಿಪ್ ಕಾಟ ತಡೆಯಲಾರದೆ ಅದನ್ನೂ ಬೈಪಾಸ್ ಮಾಡಿಸಿದ ರೂಮುಗಳನ್ನು ನಾವು ನೋಡಿದ್ದೇವೆ. ಅಲ್ಲಿ ಈ ಹುಡುಗನ ಜಾಗದಲ್ಲಿ ಯಾರೇ ಇದ್ದಿದ್ದರೂ ಮಾತು ಬೇರೆ ಆಗುತ್ತಿತ್ತು.

ಹಾಗಾದರೆ ಸೋರುವುದು ಎಲ್ಲಿಂದ? ಪ್ಲೇಟಿನ ಒಳಗೆ, ಓವನ್ ಕಾಯಿಲಿನ ಒಳಗೆ ಬಿಸಿಯಾಗುವುದು ಒಂದು ತೆಳ್ಳಗಿನ ನಿಕ್ರೋಮ್ ತಂತಿ. ಅದು ಹೊರಗಿನ ಲೋಹಕ್ಕೆ ತಾಗಬಾರದು ಅಂತ ಸುತ್ತ ಬಿಳಿ ಪುಡಿ ಬಿಗಿಯಾಗಿ ತುಂಬಿರುತ್ತಾರೆ, ಮೆಗ್ನೀಷಿಯಂ ಆಕ್ಸೈಡ್. ಬಿಸಿಯನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ, ಬಹಳ ಒಳ್ಳೆಯ ವಸ್ತು. ಒಂದೇ ಒಂದು ದುರ್ಗುಣ ಅಂದರೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ನಮ್ಮೂರ ಉಪ್ಪಿನ ಹಾಗೆ. ತೇವ ಹೀರಿದ ಪುಡಿಯಲ್ಲಿ ಕರೆಂಟು ಸ್ವಲ್ಪ ಸ್ವಲ್ಪ ಹರಿಯಲು ಶುರು. ಜುಲೈ-ಆಗಸ್ಟ್‌ನಲ್ಲಿ ರೂಮಿಗೆ ಬೀಗ ಹಾಕಿ, ಎ.ಸಿ. ಬಂದ್ ಮಾಡಿ, ಎರಡು ತಿಂಗಳು ಊರಿಗೆ ಹೋಗಿ ಬಂದವರು ಓವನ್ ಹಾಕಿದ ಕೂಡಲೇ ಟ್ರಿಪ್ ಆಗುವುದು ಇದೇ ಕಾರಣಕ್ಕೆ. ಸಮುದ್ರದ ಬದಿಯ ಕಟ್ಟಡಗಳಲ್ಲಿ ಇನ್ನೂ ಜಾಸ್ತಿ. ಕಾಯಿಲ್ ಸುಟ್ಟಿಲ್ಲ, ಬರೀ ಒದ್ದೆಯಾಗಿದೆ.

ಇದಕ್ಕೆ ಔಷಧ ಒಣಗಿಸುವುದು. ಓವನಿನಲ್ಲಿ ಮೇಲೊಂದು ಕೆಳಗೊಂದು ಕಾಯಿಲ್ ಇದ್ದು, ಟ್ರಿಪ್ ಮಾಡುವುದು ಒಂದು ಮಾತ್ರ ಆದರೆ, ಸರಿ ಇರುವುದನ್ನು ಹಾಕಿ ಬಾಗಿಲು ಸ್ವಲ್ಪ ತೆರೆದಿಟ್ಟು ಅರ್ಧ ಗಂಟೆ ಬಿಡಿ. ಒಳಗಿನ ಬಿಸಿಗೆ ಇನ್ನೊಂದೂ ಒಣಗುತ್ತದೆ, ಆಮೇಲೆ ಅದನ್ನು ಹಾಕಿ ನೋಡಿ. ಎರಡೂ ಟ್ರಿಪ್ ಮಾಡಿದರೆ ಎಲೆಕ್ಟ್ರಿಷಿಯನ್ ಕಾಯಿಲ್ ಬಿಚ್ಚಿ ಒಣಗಿಸಿ ಮೆಗ್ಗರ್ ಇಟ್ಟು ನೋಡಬೇಕು. ಒಣಗುವ ತನಕ ಅಂತ ಇ.ಎಲ್.ಸಿ.ಬಿ. ಬೈಪಾಸ್ ಮಾಡುವುದು ಬೇಡವೇ ಬೇಡ, ಹತ್ತು ನಿಮಿಷಕ್ಕೂ ಬೇಡ. ಒಣಗಿಸಿದ ಮೇಲೂ ವಾರದೊಳಗೆ ಮತ್ತೆ ಬಿದ್ದರೆ ಕಾಯಿಲಿನ ಕೊಳವೆ ಎಲ್ಲೋ ಬಿರುಕು ಬಿಟ್ಟಿದೆ, ಬದಲಾಯಿಸಿ.

ಯಾವ ಭಾಗ ಸೋರುತ್ತಿದೆ ಅಂತ ಹುಡುಕಲು ಸ್ಕ್ರೂಡ್ರೈವರ್ ಬೇಕಾಗಿಲ್ಲ. ಕುಕ್ಕರಿನ ಎಲ್ಲ ನಾಬ್‌ಗಳನ್ನೂ ಸೊನ್ನೆಗೆ ತನ್ನಿ. ಗೋಡೆಯ ದೊಡ್ಡ ಸ್ವಿಚ್ ಆಫ್ ಮಾಡಿ ಇ.ಎಲ್.ಸಿ.ಬಿ. ಎತ್ತಿ. ಈಗಲೂ ನಿಲ್ಲದಿದ್ದರೆ ಕುಕ್ಕರ್ ನಿರಪರಾಧಿ, ಯಾಕೆಂದರೆ ಆ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಜಾತಿಯದ್ದು. ವಾಟರ್ ಹೀಟರನ್ನೋ ವಾಷಿಂಗ್ ಮೆಷಿನನ್ನೋ ಹಿಡಿಯಿರಿ. ನಿಂತರೆ ಗೋಡೆ ಸ್ವಿಚ್ ಆನ್ ಮಾಡಿ, ನಾಬ್ ಸೊನ್ನೆಯಲ್ಲೇ ಇರಲಿ. ಆಗ ಬಿದ್ದರೆ ಹಿಂದಿನ ಕನೆಕ್ಷನ್ನಿನಲ್ಲೋ ನಾಬ್ ಹಿಂದಿನ ಸ್ವಿಚ್ಚಿನಲ್ಲೋ ನೀರು ಹೋಗಿರಬಹುದು. ಹಿಂದಿನ ರಾತ್ರಿ ಗಂಜಿ ಉಕ್ಕಿತ್ತಾ ಅಂತ ರೂಮಿನವರನ್ನು ಕೇಳಿ. ಕುಚ್ಚಲಕ್ಕಿ ಗಂಜಿ ಉಕ್ಕಿ ಪ್ಲೇಟಿನ ಕೆಳಗೆ ಇಳಿದು ಕೂತರೆ ತಿಂಗಳುಗಟ್ಟಲೆ ಕಾಟ ಕೊಡುತ್ತದೆ. ಬೀಳದಿದ್ದರೆ ಒಂದೊಂದೇ ಪ್ಲೇಟನ್ನು ಹಾಕುತ್ತಾ ಬನ್ನಿ, ಎರಡೆರಡು ನಿಮಿಷ ಬಿಟ್ಟು. ಯಾವುದಕ್ಕೆ ಬಿತ್ತೋ ಅದರ ನಾಬ್ ಮೇಲೆ ಟೇಪ್ ಅಂಟಿಸಿ, ಮುಟ್ಟಬೇಡಿ ಅಂತ ಬರೆಯಿರಿ. ಕನ್ನಡದಲ್ಲೂ ಮಲಯಾಳದಲ್ಲೂ ಹಿಂದಿಯಲ್ಲೂ. ನಾಳೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಹಾ ಇಡುವವರು ನೀವಾಗಿರುವುದಿಲ್ಲವಲ್ಲ.

ಪ್ಲೇಟು ಕಾಯದ ದೂರಿಗೆ ಬರೋಣ. ಪ್ಲೇಟ್ ಪೂರ್ತಿ ತಣ್ಣಗಿದ್ದರೆ ಕಾಯಿಲ್ ತುಂಡಾಗಿದೆ, ಇಲ್ಲವೇ ಸ್ವಿಚ್ ಹೋಗಿದೆ, ಇಲ್ಲವೇ ಕನೆಕ್ಷನ್ ಬಿಟ್ಟಿದೆ. ಕೆಲವು ನಂಬರಿನಲ್ಲಿ ಮಾತ್ರ ಕಾಯುತ್ತದೆ, ಕೆಲವದರಲ್ಲಿ ಇಲ್ಲ ಅಂದರೆ, ನಾಬ್ ಮೇಲೆ 1ರಿಂದ 6ರ ತನಕ ಇರುವ ಮಾದರಿ ಅದು. ಪ್ಲೇಟಿನೊಳಗೆ ಮೂರು ತಂತಿಗಳಿದ್ದು ನಂಬರ್ ಬದಲಾದಂತೆ ಅವು ಬೇರೆ ಬೇರೆ ಜೋಡಣೆಯಲ್ಲಿ ಸೇರುತ್ತವೆ. ಒಂದು ತಂತಿ ತುಂಡಾದರೆ ಕೆಲವು ನಂಬರು ಸಾಯುತ್ತವೆ. ಪ್ಲೇಟೇ ಬದಲಾಯಿಸಬೇಕು. ಇನ್ನು, ನಾಬ್ ಎಲ್ಲಿ ತಿರುಗಿಸಿದರೂ ಫುಲ್ ಉರಿ, ಸೊನ್ನೆಗೆ ತಂದರೂ ಆರುವುದಿಲ್ಲ ಅಂತ ಹಾವೇರಿ ಕಡೆಯವರೊಬ್ಬರು ಬರೆದಿದ್ದರು. ಅದು ನಾಬ್ ಹಿಂದಿನ ರೆಗ್ಯುಲೇಟರಿನ ಕಾಂಟ್ಯಾಕ್ಟ್ ಅಂಟಿಕೊಂಡಿರುವುದು. ಆ ಕುಕ್ಕರನ್ನು ಗೋಡೆ ಸ್ವಿಚ್‌ನಿಂದ ಹಾಕುತ್ತಾ ಆರಿಸುತ್ತಾ ರೊಟ್ಟಿ ಬಡಿದು ಬೇಯಿಸುತ್ತಿದ್ದೇವೆ ಅಂತಲೂ ಬರೆದಿದ್ದಾರೆ. ಒಂದು ದಿನ ಆರಿಸಲು ಮರೆತು ಡ್ಯೂಟಿಗೆ ಹೋದರೆ? ರೆಗ್ಯುಲೇಟರ್ ದೊಡ್ಡ ಬೆಲೆಯ ವಸ್ತುವಲ್ಲ, ಏಳು ಜನ ಹಂಚಿಕೊಂಡರೆ ಒಂದೊಂದು ಶವರ್ಮಾದ ಲೆಕ್ಕ.

ದೋಷವೇ ಅಲ್ಲದ ದೂರೂ ಒಂದಿದೆ. ನಡುವೆ ಕೆಂಪು ಚುಕ್ಕೆ ಇರುವ ಪ್ಲೇಟು ಜೋರು ಉರಿಯದ್ದು, ಅದಕ್ಕೆ ತಾನೇ ಬಿಸಿ ಇಳಿಸಿಕೊಳ್ಳುವ ವ್ಯವಸ್ಥೆ ಒಳಗೇ ಇದೆ. ಊರಿಂದ ತಂದ ತಳ ಉಬ್ಬಿದ ಅಲ್ಯುಮಿನಿಯಂ ಪಾತ್ರೆ ಅದರ ಮೇಲೆ ಕೂರುವುದಿಲ್ಲ, ನಡುವೆ ಗಾಳಿ. ಪ್ಲೇಟು ಅತಿಯಾಗಿ ಕಾದು ತಾನೇ ತಗ್ಗುತ್ತದೆ, ಪಾತ್ರೆ ಕುದಿಯುವುದೇ ಇಲ್ಲ. ಚಪ್ಪಟೆ ತಳದ ಪಾತ್ರೆ ಇಟ್ಟು ನೋಡಿ ಆಮೇಲೆ ಮೆಕ್ಯಾನಿಕ್ ಕರೆಯಿರಿ. ಸೌದಿಯಲ್ಲಿರುವವರಿಗೆ ಇನ್ನೊಂದು ಮಾತು: ಹಳೆಯ ಕಟ್ಟಡಗಳಲ್ಲಿ 127 ವೋಲ್ಟಿನ ಸಾಕೆಟ್ ಇರುತ್ತಿತ್ತು. 230ರ ಹಾಟ್‌ಪ್ಲೇಟನ್ನು ಅದಕ್ಕೆ ಹಾಕಿದರೆ ಮೂರನೇ ಒಂದು ಪಾಲೂ ಬಿಸಿ ಬರುವುದಿಲ್ಲ.

ಹಾಟ್‌ಪ್ಲೇಟ್ ಅಂದಾಗ, ರೂಮಿನಲ್ಲೇ ಮಂಚದ ಪಕ್ಕ ಪ್ಲಗ್ಗಿಗೆ ಹಾಕಿ ಅಡುಗೆ ಮಾಡುವವರೂ ಇದ್ದೀರಿ ಅಂತ ನಮಗೆ ಗೊತ್ತಿದೆ. ಎರಡು ಪ್ಲೇಟಿನದ್ದು 2000ದಿಂದ 2500 ವ್ಯಾಟ್ ಇರುತ್ತದೆ, ಒಂದೇ ಸುಮಾರು 10 ಆಂಪಿಯರ್ ಎಳೆಯುತ್ತದೆ. ದುಬೈ, ಕತಾರ್, ಕುವೈತ್, ಒಮಾನ್, ಬಹರೇನ್‌ನಲ್ಲಿ ಇರುವ ಚೌಕ ಮೂರು ಪಿನ್ನಿನ ಪ್ಲಗ್ 13 ಆಂಪಿಯರಿನದ್ದು, ಒಳಗೊಂದು ಪುಟ್ಟ ಫ್ಯೂಸ್ ಇದೆ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಟ್‌ಪ್ಲೇಟೂ ಕೆಟಲೂ ಇಸ್ತ್ರಿಪೆಟ್ಟಿಗೆಯೂ ಸೇರಿದರೆ ಅದು ತಡೆಯುವುದಿಲ್ಲ. ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿದ್ದನ್ನು ಬಿಚ್ಚಿ ನೋಡಿದ್ದೇವೆ. ಊರಿಂದ ತಂದ ದುಂಡು ಪಿನ್ನಿನ ಸಾಮಾನನ್ನು ಎರಡು ಪಿನ್ನಿನ ಅಡಾಪ್ಟರಿಗೆ ತುರುಕಿದರೆ ಕೆಲಸ ಮಾಡುತ್ತದೆ, ನಿಜ. ಅರ್ಥ್ ಮಾತ್ರ ಅಲ್ಲಿಗೆ ಕೈಬಿಟ್ಟಿತು. ಮೇಲೆ ಹೇಳಿದ ಹುಡುಗನ ಕಥೆಯೇ, ಬೇರೆ ದಾರಿಯಲ್ಲಿ.

ಬಣ್ಣದ ಗೊಂದಲವನ್ನೂ ಹೇಳಿಬಿಡುತ್ತೇವೆ, ಊರಲ್ಲಿ ಮೋಟಾರ್ ಕನೆಕ್ಷನ್ ಮಾಡಿ ಅಭ್ಯಾಸ ಇರುವವರಿಗೆ ಇದು ಮುಖ್ಯ. ನಮ್ಮ ತೋಟದ ಪಂಪ್‌ಸೆಟ್ಟಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು. ಕುಕ್ಕರಿನ ಸಿಂಗಲ್ ಫೇಸ್ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದ್ದು ಅರ್ಥ್. ಹಳದಿ ಕಂಡ ಕೂಡಲೇ ಇದೂ ಒಂದು ಫೇಸೇ ಅಂತ ತಿಳಿದು ಸೇರಿಸಿದರೆ ಕುಕ್ಕರಿನ ಮೈಗೆಲ್ಲ 230 ವೋಲ್ಟ್.

ವಾಸನೆಗೂ ಕಿವಿಗೂ ಕೆಲಸ ಕೊಡಿ. ಬಂಗುಡೆಯೂ ಇಲ್ಲ ಬೂತಾಯಿಯೂ ಇಲ್ಲ, ಆದರೂ ಅಡುಗೆಮನೆಯಲ್ಲಿ ಮೀನಿನ ವಾಸನೆ ಬಂದರೆ ಸ್ವಿಚ್ಚಿನ, ಪ್ಲಗ್ಗಿನ ಪ್ಲಾಸ್ಟಿಕ್ ಬೇಯುತ್ತಿದೆ ಅಂತ. ಕರಾವಳಿಯವರು ಮೋಸ ಹೋಗುವುದು ಇಲ್ಲೇ, ಪಕ್ಕದ ರೂಮಿನವರು ಹುರಿಯುತ್ತಿದ್ದಾರೆ ಅಂದುಕೊಂಡು ಸುಮ್ಮನಾಗುತ್ತಾರೆ. ಗೋಡೆ ಸ್ವಿಚ್ಚಿನ ಸುತ್ತ ಕಂದು ಕಲೆ, ಒಳಗಿಂದ ಚರ್‌ಚರ್ ಸದ್ದು, ಪ್ಲೇಟು ಮಧ್ಯೆ ಮಧ್ಯೆ ಆರಿ ಹತ್ತುವುದು, ಇವೆಲ್ಲ ಸ್ಕ್ರೂ ಸಡಿಲ ಆಗಿರುವ ಲಕ್ಷಣ. ಸಡಿಲ ಆದ ಕಡೆ ಕರೆಂಟು ಹರಿಯಲು ಒದ್ದಾಡಿ ಬಿಸಿ ಹುಟ್ಟುತ್ತದೆ. ಇದಕ್ಕೆ ಬ್ರೇಕರೂ ಬೀಳುವುದಿಲ್ಲ, ಇ.ಎಲ್.ಸಿ.ಬಿ.ಯೂ ಬೀಳುವುದಿಲ್ಲ, ಹಾಗಾಗಿ ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದೇ. ಬೆಂಕಿ ಕಂಡರೆ ನೀರು ಎರಚಬೇಡಿ. ಮೊದಲು ಕರೆಂಟ್ ಕಡಿಯಿರಿ. ಕುಕ್ಕರಿನ ಹಿಂದಿನ ಸ್ವಿಚ್ಚಿಗೆ ಕೈ ಹಾಕಲು ಆಗದಿದ್ದರೆ ಡಿ.ಬಿ. ಎಲ್ಲಿದೆ ಅಂತ ರೂಮಿನ ಪ್ರತಿಯೊಬ್ಬನಿಗೂ ಗೊತ್ತಿರಲಿ, ನಿನ್ನೆ ಬಂದವನಿಗೂ.

ನೀವೇ ಮಾಡಬಹುದಾದದ್ದು ಇಷ್ಟು: ನೋಡುವುದು, ಮೂಸುವುದು, ನಾಬ್ ಒಂದೊಂದಾಗಿ ಹಾಕಿ ಹುಡುಕುವುದು, ತಿಂಗಳಿಗೊಮ್ಮೆ ಇ.ಎಲ್.ಸಿ.ಬಿ.ಯ ಟೆಸ್ಟ್ ಬಟನ್ ಒತ್ತುವುದು. ಒತ್ತಿದರೆ ಬೀಳಬೇಕು. ಬೀಳದಿದ್ದರೆ ಅದು ಗೋಡೆಗೆ ಅಂಟಿಸಿದ ಆಟಿಕೆ. ತಗಡು ಬಿಚ್ಚಿ ಕೆಲಸ ಮಾಡುವುದು ಕಲಿತವರಿಗೆ ಬಿಡಿ. ಅವರು ಬಂದಾಗ ಎರಡು ಪರೀಕ್ಷೆ ನಿಮ್ಮ ಕಣ್ಣೆದುರು ಮಾಡಲು ಹೇಳಿ. ಲೈನ್ ಪೂರ್ತಿ ಬಿಡಿಸಿದ ಮೇಲೆ, ಅರ್ಥ್ ವೈರಿಗೂ ಕುಕ್ಕರಿನ ಬಾಡಿಗೂ ನಡುವೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು. ಆಮೇಲೆ ಕಾಯಿಲಿಗೂ ಬಾಡಿಗೂ ನಡುವೆ 500 ವೋಲ್ಟಿನ ಮೆಗ್ಗರ್ ಇಟ್ಟರೆ ಒಂದು ಮೆಗಾ ಓಮ್‌ಗಿಂತ ಮೇಲೆ ಇರಬೇಕು. ಸಾದಾ ಮೀಟರಿನಲ್ಲಿ ಸರಿ ಕಂಡ ಒದ್ದೆ ಕಾಯಿಲ್ ಮೆಗ್ಗರಿನಲ್ಲಿ ಸಿಕ್ಕಿಬೀಳುತ್ತದೆ. 2000 ವ್ಯಾಟಿನ ಓವನ್ ಕಾಯಿಲಿನ ಎರಡು ತುದಿಗೆ ಮೀಟರ್ ಇಟ್ಟರೆ 26 ಓಮ್ ಆಸುಪಾಸು ಬರುತ್ತದೆ. "ಎಲ್ಲಾ ಓಕೆ ಭಾಯ್" ಅಂತ ಕೈ ಒರೆಸಿಕೊಂಡು ಹೋಗುವವನ ಬಾಯಿಮಾತಿಗೆ ದುಡ್ಡು ಕೊಡಬೇಡಿ.

ಇನ್ನು ಹೆದರಿಕೆಯ ವಿಷಯ. ದೂರು ಕೊಟ್ಟರೆ ಖಾಲಿ ಮಾಡಿಸುತ್ತಾರೆ, ಕ್ಯಾಂಪ್ ಬಾಸ್ ಮುಖ ಗಂಟಿಕ್ಕುತ್ತಾನೆ, ಇದೆಲ್ಲ ನಮಗೆ ಗೊತ್ತಿಲ್ಲದ್ದಲ್ಲ. ನಾವೂ ಬೆಡ್‌ಸ್ಪೇಸಿನಲ್ಲೇ ಇದ್ದು ಬಂದವರು. 2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದಾಗ 40ಕ್ಕೂ ಹೆಚ್ಚು ಭಾರತೀಯರು ಹೋದರು. ಅದು ಕುಕ್ಕರಿನಿಂದ ಆದದ್ದಲ್ಲ. ಕೆಳಗಿನ ಅಂತಸ್ತಿನ ಕಾವಲುಗಾರನ ಕೋಣೆಯಲ್ಲಿ ಶಾರ್ಟ್ ಸರ್ಕ್ಯೂಟ್ ಅಂತ ಅಲ್ಲಿಯ ಅಗ್ನಿಶಾಮಕ ದಳ ಹೇಳಿತು. ಮೇಲಿನ ಅಂತಸ್ತುಗಳಲ್ಲಿ ಮಲಗಿದ್ದವರಿಗೂ ಆ ವೈರಿಗೂ ಸಂಬಂಧವೇ ಇರಲಿಲ್ಲ. ಆದ್ದರಿಂದ ದೂರನ್ನು ಒಬ್ಬರೇ ಹೋಗಿ ಬಾಯಲ್ಲಿ ಹೇಳಬೇಡಿ. ಬಿದ್ದ ಇ.ಎಲ್.ಸಿ.ಬಿ.ಯ ಫೋಟೋ, ಕಂದು ಬಣ್ಣಕ್ಕೆ ತಿರುಗಿದ ಸ್ವಿಚ್ಚಿನ ಫೋಟೋ, ತಾರೀಕು ಹಾಕಿ ಫ್ಲ್ಯಾಟ್ ಹಿಡಿದವರಿಗೆ ಅಥವಾ ಕ್ಯಾಂಪಿನವರಿಗೆ ಮೆಸೇಜ್ ಮಾಡಿ, ರೂಮಿನ ಎಲ್ಲರ ಹೆಸರೂ ಇರಲಿ. ಬರಹದಲ್ಲಿ ಬಂದದ್ದಕ್ಕೆ ಉತ್ತರ ಕೊಡದೇ ಇರುವುದು ಅವರಿಗೂ ಕಷ್ಟ. ಮೂರು ದಿನಕ್ಕೂ ಬರದಿದ್ದರೆ ನಮಗೆ ಹೇಳಿ, ನಮ್ಮಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ರಜೆಯ ದಿನ ಬಂದು ನೋಡುತ್ತೇವೆ. ಚಹಾ ಸಾಕು, ದುಡ್ಡು ಬೇಡ.

ಅರ್ಥ್ ಕತ್ತರಿಸಿದ್ದ ಆ ರೂಮಿನಲ್ಲಿ ಈಗ ಹೊಸ ಓವನ್ ಕಾಯಿಲ್ ಬಂದಿದೆ, ಹಸಿರು-ಹಳದಿ ವೈರು ತನ್ನ ಸ್ಕ್ರೂವಿಗೆ ಮರಳಿದೆ, ಟ್ರಿಪ್ ಇಲ್ಲ. ಮುಂದಿನ ತಿಂಗಳು ವಾಟರ್ ಹೀಟರ್. ಪ್ರಶ್ನೆ ಕಳಿಸುವವರು ಡಿ.ಬಿ.ಯ ಫೋಟೋ ಜೊತೆಗಿಡಿ, ಹೊರಗಿನ ಬಾಗಿಲು ತೆರೆದರೆ ಸಾಕು; ಒಳಗಿನ ಮುಚ್ಚಳ ಬಿಚ್ಚಬೇಡಿ.